ಹೆಸರಾಂತ ತಾಯಿಯ ಒಬ್ಬಳೇ ಮಗಳಿಗೆ ತಾಯಿ ಪೂರ್ತಿ ಸಿಗುತ್ತಾಳಾ?

ನೀವು ಕೇಳಿದ್ದು ಇದು: "ನನ್ನ ತಾಯಿ ಹೆಸರು ಮಾಡಿದ ಗಾಯಕಿ. ನಾನು ಒಬ್ಬಳೇ ಮಗಳು. ಹೋದಲ್ಲೆಲ್ಲ ಜನ ಅವರನ್ನು ಮುತ್ತಿಕೊಳ್ತಾರೆ. ಅವರು ಎಲ್ಲರಿಗೂ ಸೇರಿದವರು, ನನಗೆ ಉಳಿಯೋದು ಕಡಿಮೆ ಅನ್ನಿಸುತ್ತೆ. ಇಂಥ ತಾಯಿ ಮಗಳ ನಡುವೆ ಗಟ್ಟಿ ಬಂಧ ಇರೋಕೆ ಸಾಧ್ಯವಾ?"

ಖಂಡಿತ ಸಾಧ್ಯ. ಆದರೆ ಬೇರೆ ಮನೆಗಳಲ್ಲಿ ಬೆಳೆಯುವ ಹಾಗೆ ಅದು ಬೆಳೆಯುವುದಿಲ್ಲ. ಬೇರೆ ಮಕ್ಕಳಿಗೆ ಜಡೆ ಹಾಕಿಸಿಕೊಳ್ಳುವಾಗ, ಊಟಕ್ಕೆ ಕೂತಾಗ, ಮಲಗುವ ಮುಂಚೆ ಅಮ್ಮ ಸಿಗುತ್ತಾಳೆ. ನಮ್ಮಂಥವರಿಗೆ ಸಿಗಬೇಕಾದ ಅಮ್ಮನ ಒಂದು ಪಾಲು ಊರಿನವರ ಹತ್ತಿರ ಇರುತ್ತದೆ. ಅದು ಕಳೆದುಹೋಗಿರುವುದಿಲ್ಲ. ಅವರ ಹತ್ತಿರ ಕೇಳಿ ತೆಗೆದುಕೊಳ್ಳಬೇಕು, ಅಷ್ಟೆ. ನನಗೆ ಈ ವಿಷಯ ಗಟ್ಟಿಯಾಗಿ ಗೊತ್ತು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಮಂಡ್ಯದವಳು, ಈಗ ಮೈಸೂರಿನಲ್ಲಿದ್ದೇನೆ. ನನ್ನ ಅಮ್ಮ ಹೆರಿಗೆ ಡಾಕ್ಟರ್. ಪೇಪರಿನಲ್ಲಿ ಫೋಟೋ ಬರುವ ಹೆಸರಲ್ಲ ಅದು. ಆದರೆ ಮಂಡ್ಯದ ಸುತ್ತಮುತ್ತ, ಪಾಂಡವಪುರ, ಮದ್ದೂರು, ಮಳವಳ್ಳಿ ಕಡೆ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಬರೀ 'ಡಾಕ್ಟ್ರಮ್ಮ' ಅಂದರೆ ಸಾಕಿತ್ತು, ಯಾರು ಅಂತ ಯಾರೂ ಕೇಳುತ್ತಿರಲಿಲ್ಲ. ಮುಂದೆ ಆಸ್ಪತ್ರೆ, ಹಿಂದೆ ನಮ್ಮ ಮನೆ. ನಡುವೆ ಒಂದೇ ಬಾಗಿಲು. ಕಬ್ಬಿನ ಗಾಡಿಯಲ್ಲಿ ಹುಲ್ಲು ಹಾಸಿ ಬಸುರಿಯನ್ನು ಮಲಗಿಸಿಕೊಂಡು ರಾತ್ರಿ ಯಾವ ಹೊತ್ತಿನಲ್ಲಾದರೂ ಬರುತ್ತಿದ್ದರು. ನನ್ನ ತಟ್ಟೆಗೆ ಅನ್ನ ಬಡಿಸುತ್ತಿದ್ದ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಸಾರು ಬಡಿಸುವುದು ಅಡುಗೆಯವರ ಪಾಲಿಗೆ. ಆ ಬಾಗಿಲು ಕಂಡರೆ ನನಗೆ ಆಗುತ್ತಿರಲಿಲ್ಲ.

ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಇನ್ನೊಬ್ಬ ಮಗಳ ವಿಷಯ ಇಲ್ಲಿ ಹೇಳಬೇಕು. ಜಯಲಲಿತಾ ಹುಟ್ಟಿದ್ದು ಮೇಲುಕೋಟೆಯಲ್ಲಿ, 1948ರ ಫೆಬ್ರವರಿ 24ರಂದು. ಕಾವೇರಿ ವಿಷಯದಲ್ಲಿ ನಮ್ಮ ಜಿಲ್ಲೆಗೂ ಅವರಿಗೂ ಏನು ನಡೆಯಿತು ಅನ್ನೋದು ಎಲ್ಲರಿಗೂ ಗೊತ್ತು, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಮಗುವಾಗಿದ್ದ ಜಯಲಲಿತಾ ಬಗ್ಗೆ. ಅಣ್ಣ ಒಬ್ಬರಿದ್ದರು, ಹೆಣ್ಣು ಅಂತ ಇವರೊಬ್ಬರೇ. ಅಪ್ಪ ತೀರಿಕೊಂಡಾಗ ಇನ್ನೂ ಎಳೆಗೂಸು. ತಾಯಿ ವೇದವಲ್ಲಿ ಮದ್ರಾಸಿಗೆ ಹೋಗಿ, ಸಂಧ್ಯಾ ಅನ್ನುವ ಹೆಸರಿನಲ್ಲಿ ಸಿನಿಮಾ ಸೇರಿದರು. ಮನೆ ನಡೆಯಬೇಕಿತ್ತಲ್ಲ. ಮಗಳು ಕೆಲವು ವರ್ಷ ಬೆಂಗಳೂರಿನಲ್ಲಿ ಅಜ್ಜಿ, ತಾತ, ಚಿಕ್ಕಮ್ಮನ ಹತ್ತಿರ ಉಳಿದಳು.

ಸಿಮಿ ಗರೇವಾಲ್ ನಡೆಸಿದ ಟಿ.ವಿ. ಸಂದರ್ಶನದಲ್ಲಿ ಆ ದಿನಗಳ ಬಗ್ಗೆ ಅವರೇ ಮಾತಾಡಿದ್ದಾರೆ. ಅಮ್ಮ ನೋಡಲು ಬಂದಾಗಲೆಲ್ಲ ಮಗಳು ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುತ್ತಿದ್ದಳು. ಸೆರಗು ಬಿಡಿಸಿದರೆ ಎಚ್ಚರವಾಗುತ್ತದೆ. ಅದಕ್ಕೆ ಅಮ್ಮ ಸದ್ದಾಗದ ಹಾಗೆ ಸೀರೆಯನ್ನೇ ಬಿಚ್ಚಿಟ್ಟು ಹೊರಡುತ್ತಿದ್ದರು. ಆ ಸೀರೆಯನ್ನು ಚಿಕ್ಕಮ್ಮ ಉಟ್ಟುಕೊಂಡು ಮಗುವಿನ ಪಕ್ಕ ಮಲಗುತ್ತಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಸೆರಗು ಕೈಯಲ್ಲೇ ಇದೆ, ಅಮ್ಮ ಇಲ್ಲ. ಶಾಲೆಯಲ್ಲಿ ಅಮ್ಮನ ಬಗ್ಗೆ ಬರೆದ ಪ್ರಬಂಧಕ್ಕೆ ಬಹುಮಾನ ಬಂದಾಗ, ಅದನ್ನು ಅಮ್ಮನಿಗೆ ಓದಿ ಹೇಳಬೇಕು ಅಂತ ರಾತ್ರಿ ಕಾದು ಕಾದು ನಿದ್ದೆ ಹೋದದ್ದನ್ನೂ ಹೇಳಿದ್ದಾರೆ. ಇದನ್ನು ಹೇಳುವಾಗ ಅವರು ದೊಡ್ಡ ರಾಜ್ಯವೊಂದನ್ನು ಆಳಿ ಬಂದ ಹೆಂಗಸು.

ಸಂಧ್ಯಾ 1971ರಲ್ಲಿ ತೀರಿಕೊಂಡರು. ಪೋಯಸ್ ಗಾರ್ಡನ್‌ನ ಆ ಪ್ರಸಿದ್ಧ ಮನೆಯ ಹೆಸರು 'ವೇದ ನಿಲಯಂ'. ಸಂಧ್ಯಾ ಅಂತ ಅಲ್ಲ, ವೇದವಲ್ಲಿಯ ವೇದ. ಜನಕ್ಕೆ ಗೊತ್ತಿದ್ದ ನಟಿಯ ಹೆಸರು ಬಿಟ್ಟು, ಸಿನಿಮಾಕ್ಕಿಂತ ಮುಂಚಿನ ಅಮ್ಮನ ಹೆಸರು ಆ ಮನೆಗೆ ಉಳಿದಿದೆ. ನನಗೆ ಇದರಲ್ಲಿ ತುಂಬಾ ಅರ್ಥ ಕಾಣುತ್ತದೆ.

ಸೆರಗು ಹಿಡಿದು ಮಲಗಿದ ಮಗುವಿನ ಸಂಕಟ ನನಗೆ ವಿವರಿಸಿ ಹೇಳಬೇಕಿಲ್ಲ, ನಿಮಗೂ ಬೇಕಿಲ್ಲ ಅನ್ಕೊಂಡಿದ್ದೀನಿ. ಆದರೆ ಸೀರೆ ಬಿಚ್ಚಿಟ್ಟು ಹೋದವಳ ಕಡೆಯಿಂದಲೂ ನೋಡಿ. ಸೆರಗು ಕಿತ್ತುಕೊಂಡು ಹೋಗುವುದು ಸುಲಭವಿತ್ತು. ಹೊರಡುವ ಹೊತ್ತಾಗಿದ್ದರೂ ಆ ಮುಷ್ಟಿಯನ್ನು ಬಿಡಿಸದೆ ಹೋಗಲು ಒಂದು ದಾರಿ ಹುಡುಕಿದಳಲ್ಲ. ಮಗಳಿಗೆ ಇದು ಗೊತ್ತಾಗಿದ್ದು ಹೇಗೆ? ಅವಳು ನಿದ್ದೆಯಲ್ಲಿದ್ದಳು. ಯಾರೋ ನೋಡಿದವರು ಆಮೇಲೆ ಹೇಳಿರಲೇಬೇಕು.

ನನಗೂ ಹೀಗೆ ಯಾರೋ ಹೇಳಿದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮೈಸೂರಿಗೆ ವರ್ಗವಾಗಿ ಬಂದ ಹೊಸದರಲ್ಲಿ ಕೌಂಟರಿಗೆ ಒಬ್ಬ ಅಮ್ಮ ಬಂದರು. ಪಾಸ್‌ಬುಕ್ ಎಂಟ್ರಿ ಹಾಕಿಸಬೇಕಿತ್ತು. ಊರು ಕೆರಗೋಡಿನ ಹತ್ತಿರ ಅಂದರು. ನಾನು ನಮ್ಮದೂ ಮಂಡ್ಯವೇ ಅಂದೆ. ಯಾರ ಮನೆ ಅಂತ ವಿಚಾರಿಸಿದರು, ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು.

"ಗೆಜ್ಜೆ ಬಾವಿಗ್ ಹಾಕ್ದೋಳು ನೀನೇ ಏನವ್ವ?"

ನನಗೆ ಏನೂ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮೊದಲನೇ ಹೆರಿಗೆಯಂತೆ. ರಾತ್ರಿಯೆಲ್ಲ ನೋವು. ಕೂಗಿ ಕೂಗಿ ಗಂಟಲು ಒಣಗಿಹೋಗಿತ್ತಂತೆ. "ನಿಮ್ಮವ್ವ ಪಕ್ಕದಲ್ಲೇ ಕುಂತ್ಕಂಡು ಕತೆ ಹೇಳೋರು ಕನವ್ವ. ನನ್ ಮಗ್ಳು ಹೊಸ ಬೆಳ್ಳಿ ಗೆಜ್ಜೆ ತಗಂಡೋಗಿ ಬಾವಿಗ್ ಹಾಕ್ಬುಟ್ಟವ್ಳೆ, ನೀರೊಳ್ಗೆ ಗೆಜ್ಜೆ ಸದ್ದು ಬತ್ತದಾ ಅಂತ ಬಗ್ಗಿ ಬಗ್ಗಿ ಕೇಳ್ತಾವ್ಳೆ ಅನ್ನೋರು. ನಂಗೆ ನಗಾನೂ ಬರೋದು, ನೋವೂ ಬರೋದು." ಸರದಿಯಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದರು. ಅವರು ಕೌಂಟರ್ ಬಿಟ್ಟು ಕದಲಲಿಲ್ಲ. ನನಗೆ ಅವರೆಕಾಯಿ ಉಪ್ಪಿಟ್ಟು ಸೇರುತ್ತಿರಲಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಮಗ್ಗಿ ತಪ್ಪಿದರೆ ಮೊದಲಿಂದ ಹೇಳುತ್ತಿದ್ದೆ ಅನ್ನೋದು ಗೊತ್ತಿತ್ತು. ಆ ರಾತ್ರಿ ನನಗೆ ಜ್ವರ ಇತ್ತು, ಅಮ್ಮ ನಡುನಡುವೆ ಎದ್ದು ಆ ಬಾಗಿಲು ದಾಟಿ ಹೋಗಿ ನನ್ನ ಹಣೆ ಮುಟ್ಟಿ ನೋಡಿ ಬರುತ್ತಿದ್ದರು ಅನ್ನೋದೂ ಗೊತ್ತಿತ್ತು.

ಗೆಜ್ಜೆಯ ವಿಷಯ ನನಗೆ ನೆನಪೇ ಇರಲಿಲ್ಲ. ಅಮ್ಮ ಮನೆಯಲ್ಲಿ ಒಂದು ದಿನವೂ ಅದನ್ನು ಎತ್ತಿದವರಲ್ಲ. ಹಣೆ ಮುಟ್ಟಿದ್ದು ನನಗೆ ಹೇಗೆ ಗೊತ್ತಿರಬೇಕು, ನಾನು ಮಲಗಿದ್ದೆ. ನಾನು ಮನೆಯೊಳಗೆ ಕೂತು ಅಮ್ಮ ಅವರ ಜೊತೆ ಇದ್ದಾಳೆ ಅಂದುಕೊಳ್ಳುತ್ತಿದ್ದಾಗ, ಬಾಗಿಲಿನ ಆ ಕಡೆ ಅಮ್ಮ ನನ್ನ ವಿಷಯವನ್ನೇ ಮಾತಾಡುತ್ತಿದ್ದರು. ನೋವು ತಿನ್ನುತ್ತಿದ್ದ ಎಷ್ಟೋ ಹೆಂಗಸರಿಗೆ ನನ್ನ ಬಾಲ್ಯ ಚೆನ್ನಾಗಿ ಗೊತ್ತಿದೆ.

ಸಂಜೆ ಮನೆಗೆ ಹೋಗಿ ಅಮ್ಮನನ್ನು ಕೇಳಿದೆ. "ಹೌದು, ಹೇಳ್ತಿದ್ದೆ. ಇನ್ನೇನು ಹೇಳಲಿ ಅವರಿಗೆ? ನಂಗೆ ಗೊತ್ತಿದ್ದ ಕತೆ ನೀನೇ" ಅಂದರು. ಅಷ್ಟು ಹೇಳಿ ಸೊಪ್ಪು ಬಿಡಿಸೋಕೆ ಕೂತರು. ಅವರ ಸ್ವಭಾವವೇ ಹಾಗೆ, ಜಾಸ್ತಿ ಮಾತಿಲ್ಲ.

ಅಮ್ಮನ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಔಷಧಿ ಕಂಪನಿಯವರು ಕೊಟ್ಟ ಡೈರಿಗಳ ಪಕ್ಕ ಒಂದು ಸಾಲು ಕಾದಂಬರಿಗಳಿದ್ದವು. ಅದರಲ್ಲಿ 'ಶರಪಂಜರ' ಒಂದಕ್ಕಿಂತ ಜಾಸ್ತಿ ಪ್ರತಿ ಇತ್ತು. ಯಾಕೆ ಅಂತ ದೊಡ್ಡವಳಾದ ಮೇಲೆ ತಿಳಿಯಿತು. ಬಾಣಂತಿ ಸನ್ನಿ ಕೇಳಿದ್ದೀರಲ್ಲ, ಹೆರಿಗೆಯಾಗಿ ಎರಡು ವಾರದೊಳಗೆ ಸಾಮಾನ್ಯವಾಗಿ ಶುರುವಾಗುತ್ತದೆ. ಸಾವಿರ ಹೆರಿಗೆಗೆ ಒಂದೋ ಎರಡೋ. ನಿದ್ದೆ ಹೋಗುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಮಗು ತನ್ನದಲ್ಲ ಅಂತಲೂ ಅನ್ನಿಸಬಹುದು. ತಾಯಿಗೂ ಮಗುವಿಗೂ ಅಪಾಯ, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಸರಿಯಾದ ಔಷಧಿ ಕೊಟ್ಟರೆ ಹೆಚ್ಚಿನವರು ಗುಣವಾಗುತ್ತಾರೆ. ಇದೆಲ್ಲ ಅಮ್ಮನ ಬಾಯಿಂದ ಕೇಳಿ ಕಲಿತದ್ದು. ಅತ್ತೆಯಂದಿರು ಮಾತ್ರ "ಗಾಳಿ ಮೆಟ್ಕೊಂಡದೆ" ಅಂತ ಸೊಸೆಯನ್ನು ಮಂತ್ರ ಹಾಕಿಸಲು ಕರೆದುಕೊಂಡು ಹೋಗುತ್ತಿದ್ದರು. ಅಮ್ಮ ಅಂಥವರನ್ನು ತಡೆದು ಬೆಂಗಳೂರಿನ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಡುತ್ತಿದ್ದರು. ಗುಣವಾಗಿ ವಾಪಸ್ ಬಂದಾಗ, ಓದು ಬರುವ ಗಂಡಂದಿರ ಕೈಗೆ ಈ ಕಾದಂಬರಿ ಕೊಡುತ್ತಿದ್ದರು. "ಔಷಧಿ ಅವಳಿಗೆ. ಇದು ನಿಮಗೆ" ಅನ್ನುತ್ತಿದ್ದರು.

ಯಾಕೆಂದರೆ ಆ ಕತೆಯ ಕಾವೇರಿಗೆ ಹೆರಿಗೆಯ ಮೇಲೆ ಬಂದ ಮನಸ್ಸಿನ ಕಾಯಿಲೆ ವಾಸಿಯಾಗುತ್ತದೆ. ಮನೆಯವರು ಮಾತ್ರ ಅವಳನ್ನು ಹುಚ್ಚಿಯಾಗಿ ನೋಡುವುದನ್ನು ಬಿಡುವುದಿಲ್ಲ. ಕೊನೆಗೆ ಅವಳನ್ನು ಮುರಿಯುವುದು ಕಾಯಿಲೆಯಲ್ಲ, ಆ ನೋಟ. ಆ ಕಾಲಕ್ಕೆ ಕನ್ನಡದಲ್ಲಿ ಇದನ್ನು ಇಷ್ಟು ನೇರವಾಗಿ ಬರೆದವರು ಇನ್ನೊಬ್ಬರು ಸಿಗುವುದು ಕಷ್ಟ.

ಬರೆದವರು ತ್ರಿವೇಣಿ. ನಮ್ಮ ಮಂಡ್ಯದಲ್ಲೇ 1928ರ ಸೆಪ್ಟೆಂಬರ್ 1ರಂದು ಹುಟ್ಟಿದವರು. ಅನಸೂಯಾ ಅವರ ನಿಜವಾದ ಹೆಸರು. ಬಿ. ಎಂ. ಶ್ರೀಕಂಠಯ್ಯನವರ ತಮ್ಮನ ಮಗಳು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಚಿನ್ನದ ಪದಕ ತೆಗೆದುಕೊಂಡರು. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎಸ್. ಎನ್. ಶಂಕರ್ ಅವರನ್ನು ಮದುವೆಯಾಗಿ ಚಾಮುಂಡಿಪುರಂನಲ್ಲಿ ಮನೆ ಮಾಡಿದರು. 1953ರಲ್ಲಿ 'ಅಪಸ್ವರ' ಬಂತು. ಅಲ್ಲಿಂದ ಸುಮಾರು ಹತ್ತು ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ. ಕನ್ನಡದ ಹೆಂಗಸರು ಅವರ ಹೊಸ ಪುಸ್ತಕಕ್ಕಾಗಿ ಲೈಬ್ರರಿಯಲ್ಲಿ ಸರದಿ ಕಾಯುತ್ತಿದ್ದ ಕಾಲ ಅದು.

1963ರ ಜುಲೈನಲ್ಲಿ ಅವರಿಗೆ ಒಬ್ಬ ಮಗಳು ಹುಟ್ಟಿದಳು. ಅದಾಗಿ ಹತ್ತು ದಿನಕ್ಕೆ, ಜುಲೈ 29ರಂದು ತ್ರಿವೇಣಿ ತೀರಿಕೊಂಡರು. 35 ತುಂಬಲು ಒಂದು ತಿಂಗಳು ಬಾಕಿಯಿತ್ತು. ಹೆರಿಗೆಯ ನಂತರದ ದಿನಗಳಲ್ಲಿ ಹೆಣ್ಣಿಗೆ ಏನಾಗಬಹುದು ಅಂತ ಇಡೀ ನಾಡಿಗೆ ಹೇಳಿದವರನ್ನು ಆ ದಿನಗಳೇ ತೆಗೆದುಕೊಂಡು ಹೋದವು. ಅಮ್ಮ ಈ ಮಾತು ಬಂದಾಗಲೆಲ್ಲ ಸುಮ್ಮನಾಗಿಬಿಡುತ್ತಾರೆ. ಡಾಕ್ಟರಾಗಿ ಅವರಿಗೆ ಅದು ಸಹಿಸಿಕೊಳ್ಳಲಾಗದ ಸಂಗತಿ.

ಈಗ ಆ ಮಗಳ ಬಗ್ಗೆ ಯೋಚನೆ ಮಾಡಿ. ನನಗೆ, ನಿಮಗೆ ಅಮ್ಮ ಕಡಿಮೆ ಸಿಕ್ಕಿದ್ದಾಳೆ. ಅವರಿಗೆ ಸಿಕ್ಕಿದ್ದು ಹತ್ತು ದಿನ, ಅದೂ ಕಣ್ಣು ನೆಟ್ಟಗೆ ಕಾಣದ ವಯಸ್ಸಿನಲ್ಲಿ. ಆದರೆ ಊರಿನವರಿಗೆ ಅಮ್ಮ ಎಷ್ಟೊಂದು ಸಿಕ್ಕಿದ್ದರು! ಅವರ ಕಾದಂಬರಿ 'ಬೆಳ್ಳಿಮೋಡ' ಸಿನಿಮಾ ಆಗಿ 1967ರಲ್ಲಿ ಬಂತು, ಆಗ ಮಗಳಿಗೆ ಸುಮಾರು ನಾಲ್ಕು ವರ್ಷ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಸಿನಿಮಾ. 1971ರಲ್ಲಿ 'ಶರಪಂಜರ' ಬಂದು ಥಿಯೇಟರ್‌ಗಳು ತುಂಬಿ ತುಳುಕಿದಾಗ ಸುಮಾರು ಎಂಟು ವರ್ಷ. ಕಾವೇರಿಯಾಗಿ ಕಲ್ಪನಾ ಮಾಡಿದ ಪಾತ್ರಕ್ಕೆ ರಾಜ್ಯವೇ ಅತ್ತಿತು. ಅವತ್ತು ಅತ್ತವರೆಲ್ಲರಿಗೂ ಆ ಮಗುವಿನ ತಾಯಿ ಪರಿಚಯ. ಮಗುವಿಗೆ ಮಾತ್ರ ಮುಖ ನೆನಪಿರಲು ಸಾಧ್ಯವಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ ಅಂತ ನಾನು ಬಹಳ ಕಾಲ ನಂಬಿದ್ದೆ.

ಆದರೆ ಆ ಹತ್ತು ವರ್ಷದ ಬರವಣಿಗೆ ಇರದೇ ಹೋಗಿದ್ದರೆ? ಆಗ ಉಳಿಯುತ್ತಿದ್ದುದು ಕೆಲವು ಫೋಟೋ, ಮನೆಯವರ ನೆನಪು. ತ್ರಿವೇಣಿಯವರ ಮಗಳಿಗೆ ತಾಯಿ ಏನು ಯೋಚನೆ ಮಾಡುತ್ತಿದ್ದರು, ಯಾವುದಕ್ಕೆ ಕೋಪ ಬರುತ್ತಿತ್ತು, ಹೆಣ್ಣುಮಕ್ಕಳ ಯಾವ ಕಷ್ಟ ಅವರ ನಿದ್ದೆ ಕೆಡಿಸುತ್ತಿತ್ತು ಅನ್ನೋದು ಪುಟ ಪುಟದಲ್ಲಿ ಸಿಗುತ್ತದೆ. 'ಹೂವು ಹಣ್ಣು' ಕಾದಂಬರಿಯಲ್ಲಿ ಮಗಳನ್ನು ಸಾಕಲು ಯಾವ ದಾರಿಗೂ ಇಳಿಯುವ ಒಬ್ಬ ತಾಯಿ ಇದ್ದಾಳೆ. 'ಬೆಳ್ಳಿಮೋಡ'ದ ಇಂದಿರಾ ತಂದೆತಾಯಿಗೆ ಒಬ್ಬಳೇ ಮಗಳಾಗಿ ಬೆಳೆದವಳು. ತಮ್ಮ ಹುಟ್ಟಿದ ಮೇಲೆ, ಮದುವೆಯಾಗಬೇಕಿದ್ದವನ ಪ್ರೀತಿ ಆಸ್ತಿಯ ಮೇಲಿತ್ತು ಅಂತ ಗೊತ್ತಾದಾಗ, ಅವನು ತಿರುಗಿ ಬಂದರೂ ಅವಳು ಒಪ್ಪುವುದಿಲ್ಲ. ತನ್ನ ಮಗಳು ಹೇಗೆ ತಲೆ ಎತ್ತಿ ನಿಲ್ಲಬೇಕು ಅಂತ ಇದಕ್ಕಿಂತ ಚೆನ್ನಾಗಿ ಯಾವ ತಾಯಿ ಎದುರು ಕೂತು ಹೇಳಿಕೊಡುತ್ತಾಳೆ? ಮಗಳು ಹುಟ್ಟುವ ಮುಂಚೆಯೇ ಬರೆದಿಟ್ಟಿದ್ದರು.

ಇನ್ನೊಂದಿದೆ. ತ್ರಿವೇಣಿ ಪೂರ್ತಿ ಮಾಡಲಾಗದೆ ಬಿಟ್ಟುಹೋದ ಕಾದಂಬರಿಯ ಹೆಸರು 'ಅವಳ ಮಗಳು'. ಅದನ್ನು ಆಮೇಲೆ ಮುಗಿಸಿದವರು ಎಂ. ಸಿ. ಪದ್ಮಾ. ಒಬ್ಬ ತಾಯಿ ಅರ್ಧಕ್ಕೆ ಬಿಟ್ಟಿದ್ದನ್ನು ಇನ್ನೊಬ್ಬ ಹೆಂಗಸು ಕೂತು ಪೂರ್ತಿ ಮಾಡಿಕೊಟ್ಟಿದ್ದಾರೆ. ಚಿಕ್ಕಮ್ಮ ಅಮ್ಮನ ಸೀರೆ ಉಟ್ಟು ಮಗುವಿನ ಪಕ್ಕ ಮಲಗಿದ್ದರಲ್ಲ, ನನಗೆ ಎರಡೂ ಒಂದೇ ಥರ ಕಾಣುತ್ತವೆ.

ಚಾಮುಂಡಿಪುರಂನಲ್ಲಿ ತ್ರಿವೇಣಿಯವರ ಮನೆಯನ್ನು ಈಗ ಅವರ ನೆನಪಿನ ಮ್ಯೂಸಿಯಂ ಮಾಡಿದ್ದಾರೆ. ಅದರ ಹಿಂದೆ ಆ ಮಗಳ ದುಡಿಮೆ ಇದೆ. ನೋಡಿದ ನೆನಪೇ ಇಲ್ಲದ ತಾಯಿಗಾಗಿ ಒಬ್ಬ ಮಗಳು ಇಷ್ಟು ಮಾಡಬೇಕಾದರೆ, ಬಂಧ ಇರೋಕೆ ಸಾಧ್ಯವಾ ಅನ್ನೋ ನಿಮ್ಮ ಪ್ರಶ್ನೆಗೆ ನಾನು ಬೇರೆ ಸಾಕ್ಷಿ ಕೊಡಬೇಕಾ?

ನಿಮ್ಮ ಪರಿಸ್ಥಿತಿ ಆ ಇಬ್ಬರು ಹೆಣ್ಣುಮಕ್ಕಳಿಗಿಂತ ಎಷ್ಟೋ ವಾಸಿ. ನಿಮ್ಮ ತಾಯಿ ಇದ್ದಾರೆ, ಹಾಡುತ್ತಿದ್ದಾರೆ, ಕೇಳಿದರೆ ಮಾತಾಡುತ್ತಾರೆ. ಆದರೆ ಅಮ್ಮಂದಿರನ್ನು ನೇರವಾಗಿ ಕೇಳಿದರೆ ಉತ್ತರ ಬರುವುದು ಕಡಿಮೆ, ನನ್ನ ಅಮ್ಮ ಸೊಪ್ಪು ಬಿಡಿಸೋಕೆ ಕೂತ ಹಾಗೆ. ಅದಕ್ಕೇ ಅವರ ಸುತ್ತ ಇರುವವರನ್ನು ಹಿಡಿಯಿರಿ. ತಂಬೂರಿ ಹಿಡಿದು ಹಿಂದೆ ಕೂರುವ ಶಿಷ್ಯೆಯರು, ಮೃದಂಗದವರು, ಊರೂರಿಗೆ ಕಾರು ಓಡಿಸಿದ ಡ್ರೈವರ್, ಕಚೇರಿ ಮುಗಿದ ಮೇಲೆ ಊಟ ಹಾಕಿದ ಮನೆಯವರು. ರಾತ್ರಿ ಪ್ರಯಾಣದಲ್ಲಿ ಅಮ್ಮ ಏನು ಮಾತಾಡುತ್ತಿದ್ದರು ಅಂತ ಕೇಳಿ. ನಿಮ್ಮ ಪರೀಕ್ಷೆಯ ದಿನ ಹೇಗಿದ್ದರು, ನಿಮಗೆ ಹುಷಾರಿಲ್ಲದಾಗ ಹಾಡಲು ಕೂತದ್ದಿದೆಯಾ, ಆವತ್ತು ಏನು ಹಾಡಿದರು, ಕೇಳಿ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಹಳಬರು ಎಷ್ಟು ದಿನ ಇರುತ್ತಾರೆ ಹೇಳಲಾಗುವುದಿಲ್ಲ, ಅವರ ಹತ್ತಿರ ಮೊದಲು ಹೋಗಿ.

ಇನ್ನು ಮುಂದಿನ ಕಚೇರಿಯಲ್ಲಿ, ಕುಟುಂಬದವರಿಗೆ ಅಂತ ಮೀಸಲಿಟ್ಟ ಮುಂದಿನ ಸಾಲಿನಲ್ಲಿ ಕೂರಬೇಡಿ. ಹಿಂದೆ, ನಿಮ್ಮ ಗುರುತು ಯಾರಿಗೂ ಇಲ್ಲದ ಕಡೆ ಕೂತು, ಪಕ್ಕದವರು ನಿಮ್ಮ ಅಮ್ಮನ ಬಗ್ಗೆ ಏನು ಮಾತಾಡುತ್ತಾರೆ ಕೇಳಿಸಿಕೊಳ್ಳಿ. ಮೈಸೂರು ಕಡೆ ಕಚೇರಿ ಇದ್ದರೆ ನನಗೂ ತಿಳಿಸಿ. ಅಮ್ಮನಿಗೆ ಸಂಗೀತ ಅಂದರೆ ಪ್ರಾಣ, ಕರೆದುಕೊಂಡು ಬರುತ್ತೇನೆ.